ಪ್ರಾಯದ ಡಾಕ್ಟ್ರ ಜೊತೆ ಒಂದು ಆಟಿ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ದೊಡ್ಡಮಾವ, ಅಮ್ಮನ ಅಣ್ಣ. ಯಾರದೋ ಮನೆ ಒಕ್ಕಲಿನ ಊಟದಲ್ಲಿ, ಸಾರು ಬರುವುದನ್ನು ಕಾಯುತ್ತಾ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು: "ರಬ್ಬರ್ ಟ್ಯಾಪಿಂಗ್ ಮಾಡುವವನ ಮಗಳು ಎಂಎಸ್ಸಿ ಮಾಡುದಾ? ಅದು ಆಗುವ ಹೋಗುವ ಮಾತಾ ಮಾರಾಯ್ರೆ?" ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ. ಅಪ್ಪ ಏಳರಲ್ಲಿ ಬಿಟ್ಟವರು, ಅಮ್ಮ ಮೂರರಲ್ಲಿ. ನಾನು ಬಿಎಸ್ಸಿ ಮುಗಿಸಿ, ಪುತ್ತೂರಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ರಕ್ತ ತೆಗೆಯುವ ಕೆಲಸ ಮಾಡಿ, ಆಮೇಲೆ ಎಂಎಸ್ಸಿಗೆ ಸೇರಿದ್ದೆ. ದೊಡ್ಡಮಾವನ ಮಾತಿಗೆ ಅಪ್ಪ ಎಲೆಯಿಂದ ತಲೆಯೆತ್ತಲಿಲ್ಲ. ನನಗೆ ಸಿಟ್ಟು ಬಂದು ಪಾಯಸಕ್ಕೆ ಕಾಯದೆ ಎದ್ದುಬಿಟ್ಟೆ. ಆ ಪಾಯಸ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಜಾರುಂಟು.

ಮೊನ್ನೆ ಕಡಬ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮೀನಂಗಡಿಯವರು ಪೆಟ್ಟಿಗೆ ತೊಳೆದ ಐಸಿನ ನೀರು ಚಪ್ಪಲಿಯ ಹತ್ತಿರದಿಂದ ಹರಿದುಹೋಯಿತು. ನನ್ನ ಚೀಲದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿಗೆಂದು ಕೊಂಡ ಸ್ಪಿರಿಟ್ ಬಾಟಲಿ, ಮುಚ್ಚಳ ಸರಿ ಕೂತಿರಲಿಲ್ಲ. ಮೀನಿನ ಐಸು, ಸ್ಪಿರಿಟು, ಎರಡರ ವಾಸನೆ ಒಟ್ಟಿಗೆ ಮೂಗಿಗೆ ಬಿತ್ತು. ಬೇರೆಯವರಾದರೆ ಮೂಗು ಮುಚ್ಚುತ್ತಿದ್ದರು. ನಾನು ನಿಂತಲ್ಲೇ ನಕ್ಕೆ. ಎಂಎಸ್ಸಿಯ ಕೊನೆಯ ಆರು ತಿಂಗಳು ನನ್ನ ಮೈಗೆ ಇದೇ ವಾಸನೆ ಇತ್ತು.

ಆ ಆರು ತಿಂಗಳು ನಾನು ಅಚ್ಯುತ ಡಾಕ್ಟ್ರ ಕೈಕೆಳಗೆ ಪ್ರಾಜೆಕ್ಟ್ ಮಾಡಿದೆ. ಮನುಷ್ಯನಿಗೆ ಪ್ರಾಯವಾಗುವುದು ಯಾಕೆ, ಅದನ್ನು ತಡೆಯಬಹುದೇ ಎಂಬುದು ಅವರ ಇಡೀ ಜೀವಮಾನದ ಕೆಲಸ. ಹಾಗಾಗಿ ಊರವರ ಬಾಯಲ್ಲಿ ಅವರು ಪ್ರಾಯದ ಡಾಕ್ಟ್ರು. ಹುಟ್ಟಿದ್ದು ಈಶ್ವರಮಂಗಲದಲ್ಲಿ, ಅಡುಗೆಭಟ್ಟರ ಮಗನಾಗಿ. ಪುತ್ತೂರಿನಲ್ಲಿ ಓದಿ, ಪರದೇಶಕ್ಕೆ ಹೋಗಿ, ಅಲ್ಲಿ ಹುಳಗಳ ಮೇಲೆ, ಆಮೇಲೆ ಇಲಿಗಳ ಮೇಲೆ ಪ್ರಯೋಗ ಮಾಡಿ ದೊಡ್ಡ ಹೆಸರು ಮಾಡಿದರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಒಂದು ದಿನ ಪತ್ರಿಕೆಯವರ ಎದುರು, "ಮುಪ್ಪು ಒಂದು ಕಾಯಿಲೆ. ನೂರೈವತ್ತು ವರ್ಷ ಬಾಳುವ ಮಗು ಈಗಾಗಲೇ ಹುಟ್ಟಿಯಾಗಿದೆ" ಎಂದುಬಿಟ್ಟರು. ಅಷ್ಟು ಸಾಲದು ಎಂದು, ಇಲಿಗೆ ಕೊಡುತ್ತಿದ್ದ ಮದ್ದನ್ನು ಯಾರ ಅನುಮತಿಯನ್ನೂ ಕೇಳದೆ ತಮ್ಮ ತೋಳಿಗೇ ಚುಚ್ಚಿಕೊಂಡರು. ವಿಶ್ವವಿದ್ಯಾಲಯ ಲ್ಯಾಬಿಗೆ ಬೀಗ ಹಾಕಿತು. ಜೊತೆಗಿದ್ದ ವಿಜ್ಞಾನಿಗಳು, ಈ ಮನುಷ್ಯನ ಲೆಕ್ಕಾಚಾರವೇ ತಪ್ಪು ಎಂದು ಬರೆದರು. ಟೀವಿಯಲ್ಲಿ ಕೂರಿಸಿ ನಗೆಯಾಡಿದರು. ಯಾವುದೋ ಟಾನಿಕ್ ಮಾರುವವರು ಅವರನ್ನು ಕೇಳದೆಯೇ ಬಾಟಲಿಯ ಮೇಲೆ ಅವರ ಫೋಟೋ ಹಾಕಿದ್ದರಿಂದ, ನಂಬುತ್ತಿದ್ದ ನಾಲ್ಕು ಜನರೂ ದೂರ ಸರಿದರು.

ಅರುವತ್ತೇಳನೇ ವಯಸ್ಸಿಗೆ ಅವರು ಊರಿಗೆ ವಾಪಸು ಬಂದರು. ಆಲಂಕಾರಿನಲ್ಲಿ, ಮನೆಗಳಲ್ಲಿ ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಮಾಳಿಗೆಯ ಮೇಲೆ ಎರಡು ಕೋಣೆ ಹಿಡಿದು ಕೂತರು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ತೊಂಬತ್ತು ದಾಟಿದವರನ್ನು ಹುಡುಕುವುದು, ಅವರ ರಕ್ತ ತೆಗೆಯುವುದು, ಕೈಹಿಡಿತದ ಬಲ ಅಳೆಯುವುದು, ಅಂಗಳದಲ್ಲಿ ನಡೆಸಿ ಎಷ್ಟು ಬೇಗ ನಡೆಯುತ್ತಾರೆ ನೋಡುವುದು ಅವರ ಹೊಸ ಕೆಲಸ. ಒಂದು ವಯಸ್ಸು ದಾಟಿದ ಮೇಲೆ ಮೈ ಇನ್ನಷ್ಟು ಹಳತಾಗುವುದನ್ನು ನಿಲ್ಲಿಸುತ್ತದೆ, ಅದನ್ನು ತೋರಿಸಿಯೇ ಸಾಯುತ್ತೇನೆ ಎಂಬುದು ಅವರ ಹಟ.

ಅವರ ಹತ್ತಿರ ಹೋಗಲು ನಮ್ಮ ಕ್ಲಾಸಿನಲ್ಲಿ ಯಾರೂ ಒಪ್ಪಲಿಲ್ಲ. "ಮೊದಲು ಇಬ್ಬರು ಹೋಗಿದ್ರು. ಸರ್ಟಿಫಿಕೇಟ್‌ಗೆ ಸಹಿ ಸಿಗದೆ ಅಳ್ತಾ ವಾಪಸ್ ಬಂದ್ರು" ಎಂದು ಹೇಳಿದರು. ಪ್ರಾಜೆಕ್ಟ್ ಮುಗಿದಿದೆ ಎಂಬ ಆ ಸರ್ಟಿಫಿಕೇಟ್ ಇಲ್ಲದಿದ್ದರೆ ಪದವಿ ಇಲ್ಲ. ಆದರೆ ದೂರದ ಲ್ಯಾಬುಗಳಿಗೆ ಹೋಗಿ ಇರುವ ಅನುಕೂಲ ನನಗಿರಲಿಲ್ಲ. ನಮ್ಮ ಮನೆಯಿಂದ ಆಲಂಕಾರಿಗೆ ಇಪ್ಪತ್ತು ನಿಮಿಷದ ದಾರಿ, ಕೆಳಗಿನ ಬ್ರಾಂಚಿಗೆ ಅಮ್ಮ ವಾರಕ್ಕೆರಡು ಸಲ ಬೀಡಿ ಕೊಡಲು ಬರುತ್ತಿದ್ದವಳು. ಹೋದೆ.

ಮೊದಲ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ತೊಂಬತ್ತೈದು ವರ್ಷದವರ ನರ ಸಿಗ್ತದಾ ನಿನಗೆ?"

"ಒಂದೇ ಸಲಕ್ಕೆ ಸಿಗ್ತದೆ ಸರ್."

"ಬಾಯಲ್ಲಿ ಎಲ್ಲರಿಗೂ ಸಿಗ್ತದೆ ಮಾರಾಯ್ತಿ. ನಾಳೆ ಬಾ, ನೋಡುವ."

ಮರುದಿನ ಸಿಕ್ಕಿತು. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಸೆಕೆಗಾಲ ಪೂರ್ತಿ ನಾವು ತಿರುಗಿದ್ದೇ ತಿರುಗಿದ್ದು. ಬೆಳಿಗ್ಗೆ ಮೊದಲ ಬಸ್ಸಿಗೆ ಕಡಬ, ಅಲ್ಲಿ ಹಮೀದಾಕನ ಮೀನಂಗಡಿಯಿಂದ ಥರ್ಮೋಕೋಲ್ ಪೆಟ್ಟಿಗೆ ತುಂಬ ಐಸು. ರಕ್ತದ ಟ್ಯೂಬುಗಳು ಸಂಜೆಯವರೆಗೆ ತಣ್ಣಗಿರಬೇಕಲ್ಲ. "ಬಂಗುಡೆಗೆ ಹಾಕುವ ಐಸು ಡಾಕ್ಟ್ರೆ, ನಿಮ್ಮ ಅಜ್ಜಂದಿರ ರಕ್ತ ಮೀನುಸಾರು ಆದೀತು ನೋಡಿ" ಎಂದು ಹಮೀದಾಕ ದಿನಾ ಹೇಳುತ್ತಿದ್ದರು. "ಬಂಗುಡೆ ತಿಂದೇ ಅಲ್ಲವಾ ಅವರು ಇಷ್ಟು ವರ್ಷ ಬದುಕಿದ್ದು" ಎಂದು ಡಾಕ್ಟ್ರು ದಿನಾ ಉತ್ತರ ಕೊಡುತ್ತಿದ್ದರು. ಅಲ್ಲಿಂದ ಬಸ್ಸು, ಬಸ್ಸಿಳಿದು ಜೀಪು, ಜೀಪಿಳಿದು ನಡಿಗೆ. ಗುತ್ತಿಗಾರಿನ ಮೇಲಿನ ಗುಡ್ಡದ ದಾರಿಯಲ್ಲಿ ಒಮ್ಮೆ ಆನೆ ಇಳಿದಿದೆ ಎಂದು ಜೀಪಿನವನು ಎರಡು ಗಂಟೆ ನಿಲ್ಲಿಸಿದ. ಡಾಕ್ಟ್ರು ಆ ಎರಡು ಗಂಟೆಯೂ ಆನೆಯ ಆಯುಷ್ಯದ ಬಗ್ಗೆ ಪಾಠ ಮಾಡಿದರು. ಜೀಪಿನಲ್ಲಿದ್ದ ಒಂಬತ್ತು ಜನವೂ ಕೇಳಬೇಕಾಯಿತು.

ಅವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಅಜ್ಜಂದಿರು ಹೇಳುವ ಪ್ರಾಯ ನಂಬುವುದಿಲ್ಲ, ಸರ್ಕಾರದ ಗುರುತಿನ ಕಾರ್ಡಿನಲ್ಲಿರುವ ಪ್ರಾಯವಂತೂ ಮೊದಲೇ ಇಲ್ಲ. "ಮೂಲ ಎಲ್ಲಿ ಉಂಟು, ಮೂಲ ತೋರಿಸು" ಎನ್ನುವರು. ಮೂಲ ಹುಡುಕುವುದು ನನ್ನ ಪಾಲಿಗೆ ಬಂತು. ಹಳೆ ಶಾಲೆಗಳ ದಾಖಲಾತಿ ಪುಸ್ತಕ, ಜಾಗದ ಹಳೆ ಕಾಗದ, ಮದುವೆಯ ಪುಸ್ತಕ. ಗೆದ್ದಲು ತಿಂದ ಹಾಳೆಗಳನ್ನು ಓದುವುದು ನನಗೆ ರಕ್ತ ತೆಗೆಯುವುದಕ್ಕಿಂತ ಹೆಚ್ಚು ಹಿಡಿಸಿತು.

ಹಾಗೆ ಸಿಕ್ಕಿದವರು ಬೆಳ್ಯಪ್ಪ ಅಜ್ಜ. ಗುತ್ತಿಗಾರಿನಿಂದ ಮೇಲೆ ಅವರ ಮನೆ. ಕಾರ್ಡಿನಲ್ಲಿ ನೂರ ಒಂಬತ್ತು ವರ್ಷ. ನಾವು ಹೋದಾಗ ಅಜ್ಜ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಕೈಹಿಡಿತದ ಯಂತ್ರ ಕೊಟ್ಟರೆ, ಒತ್ತಿ, ಮುಳ್ಳು ಎಷ್ಟಕ್ಕೆ ಹೋಯಿತೆಂದು ತಾವೇ ನೋಡಿ, "ಇನ್ನೊಮ್ಮೆ ಕೊಡಿ, ಇದು ಎಡಗೈ" ಎಂದರು. ಸೊಸೆ ಲೀಲಕ್ಕನಿಗೇ ಅರುವತ್ತು ದಾಟಿತ್ತು. "ನಮ್ಮದೆಲ್ಲ ಮಂಡಿ ಹೋಯ್ತು, ಮಾವನಿಗೆ ಎಂತದೂ ಇಲ್ಲ. ಇವರನ್ನು ಬಿಟ್ಟು ನನ್ನನ್ನು ಪರೀಕ್ಷೆ ಮಾಡಿ" ಎಂದು ಡಾಕ್ಟ್ರ ಎದುರೇ ಹೇಳಿದಳು.

ಒಂದು ವಾರದಲ್ಲಿ ನಾನು ಮೂಲ ಹಿಡಿದೆ. ಅವರ ಊರಿನ ಹಳೆಯ ಶಾಲೆಯ ಮೊದಲ ದಾಖಲಾತಿ ಪುಸ್ತಕದಲ್ಲಿ ಬೆಳ್ಯಪ್ಪ ಎಂಬ ಹೆಸರು, ತಂದೆಯ ಹೆಸರು, ಮನೆಯ ಹೆಸರು, ಸೇರುವಾಗ ಪ್ರಾಯ ಏಳು. ಲೆಕ್ಕ ಹಾಕಿದರೆ ಸರಿಯಾಗಿ ನೂರ ಒಂಬತ್ತು. ಫೋಟೋ ತೆಗೆದು ತಂದು ತೋರಿಸಿದಾಗ ಡಾಕ್ಟ್ರು ಕುರ್ಚಿಯಿಂದ ಎದ್ದು ನಿಂತರು. ನೂರ ಒಂಬತ್ತು ವರ್ಷದ ಮನುಷ್ಯನಿಗೆ ಎಪ್ಪತ್ತರ ಕೈ! "ವಾರಿಜಾ, ನೀನು ನನ್ನ ಮರ್ಯಾದೆ ವಾಪಸ್ ತಂದುಕೊಟ್ಟೆ ಮಾರಾಯ್ತಿ" ಎಂದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಅಜ್ಜನನ್ನೇ ನಡುವೆ ಇಟ್ಟು ಅವರು ತಮ್ಮ ದೊಡ್ಡ ಪ್ರಬಂಧ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ನನ್ನ ಪ್ರಾಜೆಕ್ಟಿನ ಮುಖ್ಯ ಅಧ್ಯಾಯವೂ ಅಜ್ಜನದೇ.

ಮಳೆ ಹಿಡಿಯಿತು, ಆಟಿ ಬಂತು. ನಮ್ಮ ಕಡೆ ಆಟಿ ಎಂದರೆ ಮದುವೆ ಮುಂಜಿ ಏನೂ ಇಲ್ಲದ ತಿಂಗಳು. ಅಪ್ಪನಿಗೆ ಟ್ಯಾಪಿಂಗ್ ಇಲ್ಲ. ನಾನು ಮನೆಯಲ್ಲಿ ಕೂತು ಪ್ರಾಜೆಕ್ಟ್ ಬರೆಯುತ್ತಿದ್ದೆ, ಅವರು ಎದುರು ಕೂತು, ಹಾಳೆ ಹಾರದ ಹಾಗೆ ಟ್ಯಾಪಿಂಗ್ ಕತ್ತಿ ಮಡಗುತ್ತಿದ್ದರು. ಒಪ್ಪಿಸಲು ಇನ್ನು ಐದು ವಾರ ಇತ್ತು. ಆಗ ಲೀಲಕ್ಕನ ಫೋನ್ ಬಂತು. ಮನೆಯಲ್ಲಿ ಒಂದು ಮದುವೆ ಉಂಟು, ಡಾಕ್ಟ್ರನ್ನು ಕರ್ಕೊಂಡು ಬಾ ಎಂದು.

"ಆಟಿಯಲ್ಲಿ ಮದುವೆಯಾ ಲೀಲಕ್ಕ?"

"ಬದುಕಿದವರದ್ದಲ್ಲ ಮಾರಾಯ್ತಿ. ಸತ್ತವರದ್ದು."

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ, ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳಿಗೂ ಪ್ರಾಯ ಏರುತ್ತಾ ಹೋಗುತ್ತದೆ, ಮದುವೆಯ ಕಾಲ ಬರುತ್ತದೆ ಎಂಬ ನಂಬಿಕೆ. ಮನೆಯಲ್ಲಿ ಮದುವೆಯ ಮಾತು ಕೂಡಿಬಾರದೆ ತಪ್ಪುತ್ತಾ ಹೋದರೆ, ಸತ್ತ ಮಗು ತನಗೂ ಮದುವೆ ಕೇಳುತ್ತಿದೆ ಎಂದು ತಿಳಿಯುತ್ತಾರೆ. ಹಾಗೆಯೇ ಚಿಕ್ಕಂದಿನಲ್ಲಿ ತೀರಿಹೋದ ಹುಡುಗಿ ಇರುವ ಇನ್ನೊಂದು ಮನೆಯನ್ನು ಹುಡುಕಿ, ಬಳಿ, ಅಂದರೆ ಗೋತ್ರ, ಬೇರೆ ಎಂದು ನೋಡಿಕೊಂಡು, ದಿಬ್ಬಣ ಕರೆದು, ಸೀರೆ ಪಂಚೆ ಇಟ್ಟು ಮದುವೆ ಮಾಡುತ್ತಾರೆ. ಬೆಳ್ಯಪ್ಪ ಅಜ್ಜನ ಮರಿಮಗಳು ಶ್ರುತಿಗೆ ಬಂದ ಸಂಬಂಧಗಳು ಒಂದೊಂದಾಗಿ ತಪ್ಪುತ್ತಿದ್ದವು. ಅದಕ್ಕೆ ಈ ಮದುವೆ.

ಪ್ರಾಯದ ಡಾಕ್ಟ್ರಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಉಂಟೇ? "ಸತ್ತ ಮೇಲೂ ಪ್ರಾಯ ಆಗ್ತದಂತೆ! ನನ್ನ ಲೆಕ್ಕಾಚಾರದಲ್ಲಿ ಇದು ಬಿಟ್ಟುಹೋಗಿತ್ತು" ಎಂದು ಬಸ್ಸಿನ ದಾರಿಯುದ್ದಕ್ಕೂ ನಕ್ಕರು. ಬಿಳಿ ಪಂಚೆ ಉಟ್ಟು ಬಂದಿದ್ದರು. ಮನೆಯ ಬಾಗಿಲಲ್ಲಿ ಲೀಲಕ್ಕ ತಡೆದಳು.

"ಡಾಕ್ಟ್ರಿಗೆ ಮದುವೆ ಆಗಿ ಉಂಟಲ್ಲ?"

"ಇಲ್ಲ. ಎಲ್ಲಿ ಪುರುಸೊತ್ತು?"

"ಅಯ್ಯೋ, ಹಾಗಾದ್ರೆ ಒಳಗೆ ಬರುವ ಹಾಗಿಲ್ಲ. ಮದುವೆ ಆಗದವರು ಇದನ್ನು ನೋಡ್ಬಾರ್ದು. ಆಚೆ ಮಕ್ಕಳ ಒಟ್ಟಿಗೆ ಕೂತ್ಕೊಳ್ಳಿ ಮಾರಾಯ್ರೆ."

ಹೀಗೆ, ಮೂರು ದೇಶಗಳಲ್ಲಿ ಪಾಠ ಹೇಳಿದ ವಿಜ್ಞಾನಿ, ನಾನು, ಶ್ರುತಿ, ಮತ್ತೆ ಐದಾರು ಮಕ್ಕಳು ಕಟ್ಟಿಗೆ ಕೊಟ್ಟಿಗೆಯಲ್ಲಿ ಸಾಲಾಗಿ ಕೂತೆವು. ಡಾಕ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಚೀಲದಿಂದ ಯಂತ್ರ ತೆಗೆದು ಮಕ್ಕಳ ಕೈಹಿಡಿತ ಅಳೆಯಲು ಶುರುಮಾಡಿದರು. ಮಕ್ಕಳು ಗದ್ದಲ ಮಾಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಹಿರಿಯರೊಬ್ಬರ ದೊಡ್ಡ ಸ್ವರ ಕೇಳಿತು: "ಬೆಳ್ಯಪ್ಪಾ, ನಿನಗೆ ಹೆಣ್ಣು ತಂದಿದ್ದೇವೆ. ಇನ್ನು ಈ ಮನೆಯ ಮಕ್ಕಳಿಗೆ ದಾರಿ ಬಿಟ್ಟುಕೊಡು."

"ಅಜ್ಜನನ್ನು ಕರೀತಿದ್ದಾರೆ" ಎಂದರು ಡಾಕ್ಟ್ರು, ಯಂತ್ರದಿಂದ ಕಣ್ಣೆತ್ತದೆ.

ಶ್ರುತಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ಅಜ್ಜ ಅಲ್ಲಕ್ಕ, ಮದುಮಗ. ಅಜ್ಜನ ಅಣ್ಣ. ಶಾಲೆಗೆ ಹೋಗ್ಲಿಕ್ಕೆ ಶುರು ಮಾಡಿದ ಮೇಲೆ ಜ್ವರ ಬಂದು ತೀರಿಹೋದದ್ದಂತೆ. ಆಮೇಲೆ ಹುಟ್ಟಿದ ಗಂಡುಮಗುವಿಗೆ ಅವನ ಹೆಸರನ್ನೇ ಇಟ್ರು."

ಶಾಲೆಯ ಆ ಹಾಳೆ ಕಣ್ಣೆದುರು ಬಂತು. ಏಳು ವರ್ಷದ ಬೆಳ್ಯಪ್ಪ. ಅದು ಯಾವ ಬೆಳ್ಯಪ್ಪ?

ಊಟಕ್ಕೆ ಕೂತಾಗ ಲೀಲಕ್ಕ ಬಡಿಸುತ್ತಾ ಎಲ್ಲರಿಗೂ ಹೇಳುತ್ತಿದ್ದಳು. "ಅವನ ಹೆಸರನ್ನು ಇಷ್ಟು ವರ್ಷ ಮಾವನೇ ಇಟ್ಕೊಂಡು ತಿರುಗಿದ್ರಲ್ಲ, ಸಿಟ್ಟು ಬಾರದೆ ಇರ್ತದಾ?" ಅಜ್ಜ ಸಣ್ಣಗೆ ನಗುತ್ತಾ ಅನ್ನ ಕಲಸುತ್ತಿದ್ದರು. ಕಾರ್ಡು ಮಾಡಿಸಲು ಕಾಗದ ಎಲ್ಲಿಂದ ತಂದಿರಿ ಎಂದು ನಾನು ಮೆಲ್ಲಗೆ ಕೇಳಿದೆ. ಪಿಂಚಣಿಗೆಂದು ಕಾರ್ಡು ಮಾಡಿಸುವಾಗ ಅಜ್ಜನ ಮಗ ಶಾಲೆಗೆ ಹೋಗಿದ್ದನಂತೆ. ಅಲ್ಲಿ ಪುಸ್ತಕದಲ್ಲಿ ಮೊದಲು ಕಂಡ ಬೆಳ್ಯಪ್ಪನನ್ನೇ ಬರೆದುಕೊಟ್ಟರಂತೆ. ಅಂದರೆ ನಾನು ಎರಡು ಸಾಕ್ಷಿ ಎಂದು ತಿಳಿದದ್ದು ಒಂದೇ ಸಾಕ್ಷಿ. ಮೊದಲು ಕಂಡ ಹೆಸರಿಗೆ ನಿಂತುಬಿಟ್ಟದ್ದು ಅವರೂ, ನಾನೂ.

ಮರುದಿನ ಒಬ್ಬಳೇ ಮಳೆಯಲ್ಲಿ ಶಾಲೆಗೆ ಹೋದೆ. ಪುಸ್ತಕವನ್ನು ಕೊನೆಯವರೆಗೆ ಓದಿದೆ. ಹತ್ತು ವರ್ಷ ಮುಂದಿನ ಹಾಳೆಯಲ್ಲಿ ಎರಡನೇ ಬೆಳ್ಯಪ್ಪ ಇದ್ದ. ಅದೇ ತಂದೆ, ಅದೇ ಮನೆ, ಪ್ರಾಯ ಆರು. ಅಜ್ಜನಿಗೆ ತೊಂಬತ್ತೆಂಟು. ಹನ್ನೊಂದು ವರ್ಷ ಅವರದ್ದಾಗಿರಲಿಲ್ಲ, ಅಣ್ಣನದ್ದಾಗಿತ್ತು.

ಆ ಬಸ್ಸಿನ ದಾರಿಯಲ್ಲಿ ನಾನು ಯೋಚಿಸಿದ್ದೆಲ್ಲ ಒಳ್ಳೆಯ ಯೋಚನೆಗಳೇ ಆಗಿದ್ದವು ಎಂದು ಹೇಳುವುದಿಲ್ಲ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಸಹಿ ಸಿಗುತ್ತದೆ, ಪದವಿ ಸಿಗುತ್ತದೆ, ದೊಡ್ಡಮಾವನ ಬಾಯಿ ಮುಚ್ಚುತ್ತದೆ. ಹೇಳಿದರೆ ಡಾಕ್ಟ್ರ ಪ್ರಬಂಧ ಬೀಳುತ್ತದೆ, ಅದರ ಜೊತೆ ನನ್ನ ಅಧ್ಯಾಯವೂ. ಇನ್ನೊಂದು ವರ್ಷ ಓದಿಸಲು ಅಪ್ಪನ ಮೈಯಲ್ಲಿ ಶಕ್ತಿ ಇರಲಿಲ್ಲ. ಆದರೆ ಬೇರೆಯವರೇ ಒಂದು ದಿನ ಆ ಹಾಳೆ ಮಗುಚಿದರೆ? ಆ ಮನುಷ್ಯನನ್ನು ನಗೆಪಾಟಲು ಮಾಡಲು ಕಾದು ಕೂತವರು ಎಷ್ಟು ಜನ! ಆಲಂಕಾರಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ಮಾಳಿಗೆ ಹತ್ತಿದೆ.

ಫೋನಿನಲ್ಲಿದ್ದ ಎರಡೂ ಫೋಟೋ ತೋರಿಸಿ ಹೇಳಿದೆ. ಡಾಕ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ನಿನ್ನನ್ನು ಯಾರು ಕಳಿಸಿದ್ದು ಶಾಲೆಗೆ?"

"ಯಾರೂ ಇಲ್ಲ ಸರ್. ಮೂಲ ನೋಡು ಅಂತ ನೀವೇ ಹೇಳುದಲ್ಲವಾ?"

"ಮೂವತ್ತು ವರ್ಷ ನನ್ನ ತಪ್ಪು ಹುಡುಕಿದ್ರು, ದೊಡ್ಡ ದೊಡ್ಡವರು. ಅವರಿಗೆ ಸಿಗದ್ದು ನಿನಗೆ ಸಿಕ್ಕಿತಾ?" ಸ್ವರ ಏರಿತ್ತು. "ಹೋಗು. ಈಗ ಹೋಗು."

ಮೂರು ದಿನ ಫೋನ್ ತೆಗೆಯಲಿಲ್ಲ. ಮಾಳಿಗೆಯ ಬಾಗಿಲು ಮುಚ್ಚಿತ್ತು. ನಾನು ಮನೆಯಲ್ಲಿ ಏನೂ ಹೇಳದೆ ಅಮ್ಮನ ಪಕ್ಕ ಕೂತು ಬೀಡಿಗೆ ನೂಲು ಕಟ್ಟಿದೆ. ಅಮ್ಮ ಮುಖ ನೋಡಿ, "ಎಂತ, ಸಹಿ ಹಾಕುದಿಲ್ಲವಂತಾ?" ಎಂದಳು. ನಾನು ಎಲ್ಲ ಹೇಳಿದೆ. ಅವಳು ಇನ್ನೂ ಎಂಟು ಹತ್ತು ಬೀಡಿ ಸುತ್ತಿದಳು. ಆಮೇಲೆ, "ನಾಲ್ಕು ಕಾಸಿನ ಬೀಡಿಯೇ ಸಡಿಲ ಇದ್ರೆ ಬ್ರಾಂಚಿನವರು ಬಿಸಾಡ್ತಾರೆ. ನಿನ್ನದು ಪುಸ್ತಕ. ಹೇಳಿದ್ದು ಸರಿ ಆಯ್ತು" ಎಂದಳು. ಅವಳಿಗೆ ನಾನು ಅರ್ಥಮಾಡಿಸಬೇಕೆಂದಿದ್ದೆ, ಅವಳೇ ನನಗೆ ಅರ್ಥಮಾಡಿಸಿದಳು.

ನಾಲ್ಕನೇ ದಿನ ಬೆಳಿಗ್ಗೆ ಡಾಕ್ಟ್ರೇ ಫೋನ್ ಮಾಡಿದರು. ಐಸು ಬೇಡ, ಬರೀ ನೋಟುಪುಸ್ತಕ ಹಿಡಿದು ಬಾ ಎಂದರು. ಇಬ್ಬರೂ ಅಜ್ಜನ ಮನೆಗೆ ಹೋದೆವು. ಅಜ್ಜನ ಎದುರು ಕೂತು ಡಾಕ್ಟ್ರು ತಾವೇ ಹೇಳಿದರು: "ಅಜ್ಜ, ನಿಮಗೆ ನೂರ ಒಂಬತ್ತು ಅಲ್ಲ. ತೊಂಬತ್ತೆಂಟು."

ಅಜ್ಜ ಹೆಣೆಯುವುದನ್ನು ನಿಲ್ಲಿಸಿದರು. "ಹನ್ನೊಂದು ಕಡಿಮೆ ಆಯ್ತಾ?"

"ಆಯ್ತು."

"ಒಳ್ಳೇದೇ ಆಯ್ತಲ್ಲ. ಹಾಗಾದ್ರೆ ಇನ್ನೂ ಸ್ವಲ್ಪ ಇರ್ಬಹುದು ನಾನು."

ಡಾಕ್ಟ್ರು ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನ್ನ ಕಡೆ ತಿರುಗಿ, "ನೋಡು ವಾರಿಜಾ, ಮನುಷ್ಯನ ಪ್ರಾಯ ಕಡಿಮೆ ಮಾಡ್ಲಿಕ್ಕೆ ಆಗ್ತದಾ ಅಂತ ನಾನು ಜೀವಮಾನ ಇಡೀ ಇಲಿ ಸಾಕಿದೆ. ನೀನು ಒಂದು ಪುಸ್ತಕ ಮಗುಚಿ ಹನ್ನೊಂದು ವರ್ಷ ಕಡಿಮೆ ಮಾಡಿದೆ" ಎಂದರು.

ಆ ವಾರವೇ ಅವರು ತಮ್ಮ ದೊಡ್ಡ ಪ್ರಬಂಧವನ್ನು ವಾಪಸು ತೆಗೆದುಕೊಂಡರು. ಯಾರೂ ಕೇಳುವ ಮೊದಲು ತಾವೇ ತೆಗೆದುಕೊಂಡದ್ದು ಅವರ ಬದುಕಿನಲ್ಲಿ ಅದೇ ಮೊದಲಂತೆ. ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಮನೆಗೂ ನಾವು ಇನ್ನೊಮ್ಮೆ ಹೋದೆವು. ಈ ಸಲ ಕೇಳಿದ್ದು ಬೇರೆ ಪ್ರಶ್ನೆ: ನಿಮಗಿಂತ ಮೊದಲು ನಿಮ್ಮ ಹೆಸರಿನವರು ಈ ಮನೆಯಲ್ಲಿ ಯಾರಾದರೂ ಇದ್ದರಾ? ಕೆಲವು ಕಡೆ ಇದ್ದರು. ಅಜ್ಜಂದಿರ ಪ್ರಾಯ ಹಾಗೆ ಇಳಿಯುತ್ತಾ ಹೋದದ್ದಕ್ಕೆ ಮನೆಯವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮುಖ್ಯ ಅಧ್ಯಾಯ ಹೋಯಿತು. ಅದರ ಜಾಗದಲ್ಲಿ, ನಮ್ಮ ಊರಲ್ಲಿ ಹೆಸರಿಡುವ ಕ್ರಮದಿಂದ ಪ್ರಾಯದ ದಾಖಲೆ ಹೇಗೆ ತಪ್ಪುತ್ತದೆ ಎಂಬ ಅಧ್ಯಾಯವನ್ನು ಹದಿನೈದು ದಿನದಲ್ಲಿ ಬರೆದೆ. ಒಂದೊಂದು ವಾಕ್ಯಕ್ಕೂ ಡಾಕ್ಟ್ರು ಮೂಲ ಕೇಳಿದರು.

ಅವರು ಬದಲಾದರು ಎಂದು ತಿಳಿಯಬೇಡಿ. ನೂರೈವತ್ತು ವರ್ಷ ಬಾಳುವ ಮಗು ಹುಟ್ಟಿಯಾಗಿದೆ ಎಂದು ಈಗಲೂ ಹೇಳುತ್ತಾರೆ. ಪೇಪರಿನವರು ಈಗಲೂ ಬೈಯುತ್ತಾರೆ. ನನಗೆ ಅವರ ಆ ಮಾತಿನಲ್ಲಿ ಪೂರ್ತಿ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ತಮ್ಮದೇ ತಪ್ಪನ್ನು ತಾವೇ ಬೆಳಕಿಗೆ ತಂದಿಟ್ಟವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಪಾಠ ಮಾಡುವಾಗ ಕಾಲೇಜಿನ ಮಕ್ಕಳಿಗೆ ಅದನ್ನೇ ಹೇಳುತ್ತೇನೆ.

ಒಪ್ಪಿಸುವ ಹಿಂದಿನ ದಿನ ಸರ್ಟಿಫಿಕೇಟಿಗೆಂದು ಮಾಳಿಗೆ ಹತ್ತಿದೆ. ಅವತ್ತು ಅಮ್ಮ ಬ್ರಾಂಚಿಗೆ ಬೀಡಿ ಕೊಡುವ ದಿನ. ಖಾಲಿ ಬುಟ್ಟಿ ಹಿಡಿದು ಅವಳೂ ಮೆಟ್ಟಿಲು ಹತ್ತಿ ಬಂದಳು. ಡಾಕ್ಟ್ರು ಅವಳಿಗೆ ಕುರ್ಚಿ ಕೊಟ್ಟು ತಾವು ನಿಂತರು. ಅಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಕಾಲೇಜಿನ ಅಚ್ಚಿನ ಹಾಳೆಯಲ್ಲಿ ಖಾಲಿ ಜಾಗ ತುಂಬಿ ಸಹಿ ಹಾಕಿದರೆ ಸಾಕಿತ್ತು. ಅವರು ಅದರ ಕೆಳಗೆ ಇಂಗ್ಲಿಷಿನಲ್ಲಿ ಕೈಯಾರೆ ನಾಲ್ಕು ಸಾಲು ಬರೆದಿದ್ದರು. ಸಹಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

"ಎಂತ ಬರ್ದಿದ್ದಾರೆ? ಓದಿ ಹೇಳು" ಎಂದಳು ಅಮ್ಮ.

ನಾನು ಕನ್ನಡ ಮಾಡಿ ಓದಿದೆ. ಈ ಹುಡುಗಿ ಒಳ್ಳೆಯ ಕೆಲಸ ಮಾಡಿದ್ದಾಳೆ. ಆರು ತಿಂಗಳಲ್ಲಿ ಇವಳು ಮಾಡಿದ ಅತಿ ಮುಖ್ಯವಾದ ಕೆಲಸ, ನನ್ನ ತಪ್ಪನ್ನು ಹಿಡಿದು ನನಗೇ ಹೇಳಿದ್ದು. ಇಂಥವರು ವಿಜ್ಞಾನಕ್ಕೆ ಬೇಕು.

ಅಮ್ಮ ಹಾಳೆಯನ್ನು ತೆಗೆದುಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸಹಿಯ ಹತ್ತಿರ ಬೆರಳಿಟ್ಟು, ಶಾಯಿ ಒಣಗಿದೆಯೇ ಎಂದು ಪರೀಕ್ಷಿಸಿ, ಡಾಕ್ಟ್ರ ಕಡೆ ತಿರುಗಿದಳು.

"ತಪ್ಪು ಹಿಡಿದದ್ದಕ್ಕೆ ಸರ್ಟಿಫಿಕೇಟ್ ಕೊಡುದಾದ್ರೆ ಡಾಕ್ಟ್ರೆ, ಇವಳಿಗೆ ನಾನು ಮನೆಯಲ್ಲಿ ದಿನಕ್ಕೊಂದು ಬರ್ದುಕೊಡ್ಬೇಕಿತ್ತು."